ಮಂಡಕ್ಕಿ

ಹರಿಹರದಿಂದ ಭಾಮೈದ ಬರುತ್ತಾನೆಂದು
ಕೊಟ್ರಮ್ಮ ಎರಡು ದಿನ ಮೊದಲೇ ಗಾದಿ ಬಿಸಿಲಿಗೆ ಹಾಕಿದಳು.
ಚಪ್ಪಲಿ ಬಿಡುತ್ತಲೇ ಅವನು ಕೇಳುವುದು ನೀರಲ್ಲ,
ವೈಫೈ ಪಾಸ್‌ವರ್ಡು.
ಅದು ನಮ್ಮ ಮದುವೆಯ ತಾರೀಖು.
ಹೇಳಲಿಕ್ಕೆ ಅವಳಿಗೆ ನಾಚಿಕೆ,
ನನಗೆ ಮರೆವು.

ಐಸಿರಿ ಏಳನೇ ಕ್ಲಾಸು.
ಸ್ಟೂಲು ಹತ್ತಿ, ಫ್ರಿಜ್ಜಿನ ಮೇಲಿನ ಡಬ್ಬಿಯನ್ನು ಬೋರಲು ಮಾಡಿ
ಹೊಟ್ಟೆಯಡಿಯ ಚೀಟಿ ಓದಿದಳು,
ಕರುವಿನ ಕಿವಿಯ ಬಿಲ್ಲೆ ನೋಡುವ ಡಾಕ್ಟರ ಹಾಗೆ.
"ಬಂದವರಿಗೇ ಬೇರೆ ಬಾಗಿಲು ಇಡಬಹುದು ಅಪ್ಪಾಜಿ,
ನಿಮ್ಮ ಅಂಗಡಿ ಲೆಕ್ಕದ ಕಂಪ್ಯೂಟರು
ಅವರಿಗೆ ಕಾಣೋದೇ ಇಲ್ಲ."
ಪಡಸಾಲೆಯಲ್ಲಿ ಕೂರಿಸಿ, ದೇವರಕೋಣೆ ದಾಟಿಸದೆ
ಉಪಚಾರ ಮಾಡಿ ಕಳಿಸಿದ ಹಾಗೆ.
ನನಗೆ ಸರಿ ಕಂಡಿತು.

ಹೆಸರೇನಿಡಲಿ ಎಂದಳು. ಅತಿಥಿ ಅಂತಿಡು ಎಂದೆ.
ನಕ್ಕಳು.
ದಾವಣಗೆರೆಗೆ ಬಂದವರ ಮುಂದೆ ಮೊದಲು ಸುರಿಯೋದೇನು?
ಮನೆಯವರದು 'ರೊಟ್ಟಿ' ಆಯಿತು,
ಬಂದವರದು 'ಮಂಡಕ್ಕಿ'.
ಮಂಡಕ್ಕಿಗೆ ಪಾಸ್‌ವರ್ಡು ಮೆಣಸಿನಕಾಯಿ,
ಇಂಗ್ಲಿಷ್ ಅಕ್ಷರದಲ್ಲಿ, ಕೊನೆಗೆ ಒಂದು ಎರಡು ಮೂರು.

ಆಮೇಲಿನದು ನಾನೇ ಹೇಳಿದ್ದು, ಯಜಮಾನಿಕೆಯಿಂದ:
ಮಕ್ಕಳಿಗೆ ಬೀಗ ಹಾಕೋದೂ ಇದೆಯಂತಲ್ಲ ಇದರಲ್ಲಿ,
ಹಾಕಿಬಿಡು.
"ಕಳ್ಳಿ ಕೈಗೇ ಕೀಲಿಕೈ!"
ಒಗ್ಗರಣೆಯ ಸದ್ದಿನೊಳಗಿಂದ ಕೊಟ್ರಮ್ಮ.
ತಮ್ಮನಿಗೆ ಎಂಟು ಗಂಟೆ. ಅತ್ತ.
ತನ್ನ ಟ್ಯಾಬಿಗೆ ಒಂಬತ್ತೂವರೆ, ತಕರಾರಿಲ್ಲದೆ.
ಇನ್ನೂ ಏನನ್ನೋ ಬೆರಳಲ್ಲಿ ಎಳೆದು
'ಮಕ್ಕಳು' ಎಂಬ ಪಟ್ಟಿಗೆ ಬಿಟ್ಟಳು.
ನಾನು ಕನ್ನಡಕ ಹುಡುಕುತ್ತಿದ್ದೆ.

ರಾತ್ರಿ ಹತ್ತು. ಮಾಳಿಗೆಯ ಮೆಟ್ಟಿಲು.
ಪಿ.ಬಿ. ರಸ್ತೆಯ ಲಾರಿಗಳು ಗೇರು ಬದಲಿಸುವ ಸದ್ದು.
ಕೈಯಲ್ಲಿ ಹದಿಮೂರು ಎಲೆ, ಎರಡು ಜೋಕರು,
ಒಂದು ಕಳಾವರ್ ಏಳು ಬಂದರೆ
ಹೋದ ವಾರದ್ದೆಲ್ಲ ವಾಪಸ್ಸು.
ಪಟ್ಟನೆ ಪರದೆ ಬೆಳ್ಳಗಾಯಿತು:
*ನಿಮ್ಮ ಇಂದಿನ ಸಮಯ ಮುಗಿದಿದೆ.
ಪೋಷಕರನ್ನು ಕೇಳಿ.*

ಪೋಷಕರು!
ಅಪ್ಪ ತೀರಿ ಹನ್ನೊಂದು ವರ್ಷ.
ಅವ್ವ ಒಳಗೆ ಗೊರಕೆ.

ಯಾವತ್ತು ನೋಡಿತು ಈ ಹುಡುಗಿ?
ಫೀಸಿನ ಎರಡನೇ ಕಂತು ಮುಂದಿನ ತಿಂಗಳಿಗೆ ಎಂದಾಗಲೋ,
ಬ್ಯಾಂಕಿನ ಮೆಸೇಜು ಬಂದ ಹೊತ್ತಿಗೆ
ನನ್ನ ಫೋನು ಅವಳ ಕೈಯಲ್ಲಿತ್ತೋ.
ಮೊದಲು ಬಂದದ್ದು ಸಿಟ್ಟು. ಸುಳ್ಳೇಕೆ ಹೇಳಲಿ.
ಸಿಮ್ಮಿನ ಡೇಟಾ ಸಂಜೆಗೇ ಖಾಲಿ.
ಆಗ ಕಂಡಿತು,
ರೊಟ್ಟಿಯ ಕೆಳಗೆ ಮಂಡಕ್ಕಿ.

ಮನೆಯ ಕಂತು ಕಟ್ಟುವವನು ನಾನು,
ಆ ಡಬ್ಬಿಯ ಬಿಲ್ಲು ತೆರುವವನು ನಾನು,
ಮೆಣಸಿನಕಾಯಿಯ ಒಂದೊಂದೇ ಅಕ್ಷರ ಒತ್ತಿ
ಸ್ವಂತ ಮನೆಗೆ
ನೆಂಟನಾಗಿ ಹೊಕ್ಕೆ.

ಕಳಾವರ್ ಏಳು ಬರಲಿಲ್ಲ.
ಮರುರಾತ್ರಿಯೂ.

ಸೋಮವಾರ ಭಾಮೈದ ಹೊರಟ,
ಎರಡು ಪಾಕೀಟು ಖಾರ ಮಂಡಕ್ಕಿ ಕಟ್ಟಿಸಿಕೊಂಡು.
ಗುರುವಾರ ಬೆಳಿಗ್ಗೆ, ಜಡೆ ಹಾಕಿಸಿಕೊಳ್ಳುತ್ತ, ಐಸಿರಿ:
"ಮಾವ ಹೋಗಿ ಮೂರು ದಿನ ಆಯ್ತು,
ಮಂಡಕ್ಕಿಗೆ ಇನ್ನೂ ಯಾರೋ ಬರ್ತಿದಾರೆ ಅಮ್ಮ."
"ಮೇಲಿನ ಮನೆ ಹುಡುಗರಿರಬೇಕು."
ಕೊಟ್ರಮ್ಮ ರಿಬ್ಬನ್ನು ಬಿಗಿದಳು,
ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು,
ನನ್ನ ಕಡೆ ನೋಡದೆ.

ದೋಸೆಯ ತಟ್ಟೆಯ ಪಕ್ಕ ಟ್ಯಾಬು ತಂದಿಟ್ಟಳು ಮಗಳು.
ನನ್ನ ಫೋನಿನ ಹೆಸರು. ಎದುರಿಗೊಂದು ಕೆಂಪು ಗುಂಡಿ.
"ನೀವೇ ಒತ್ತಿ ಅಪ್ಪಾಜಿ, ನನಗೆ ಬಸ್ಸಿಗೆ ಹೊತ್ತಾಯ್ತು."
ಚೀಲ ಹೆಗಲಿಗೇರಿಸಿ
ಹೋಗಿಯೇಬಿಟ್ಟಳು, ಕಾಯದೆ.

ಒತ್ತಿದೆ.
*ಖಚಿತವೇ?* ಎಂದಿತು.
ಎಂಟು ತಿಂಗಳಾಡಿದ ಆಟ
ಒಂದು ಸಲವೂ ಕೇಳಿರಲಿಲ್ಲ ಇದನ್ನು.

ಬೆರಳಿಗೆ ಬೆಣ್ಣೆ ಹತ್ತಿತ್ತು.
ಎರಡು ಸಲ ಒತ್ತಿದರೂ ಪರದೆ ಗುರುತು ಹಿಡಿಯಲಿಲ್ಲ.
ಅಂಗಿಗೆ ಒರೆಸಿಕೊಂಡೆ.